ಐಎಸ್‌ಒ 14001: ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ನಿಜಕ್ಕೂ ಹೇಳುವುದೇನು?

ಮುಂಬೈ: ಕಾರ್ಖಾನೆಗಳಿಗೆ ಸಿಗುವ ಐಎಸ್‌ಒ 14001 ಪ್ರಮಾಣಪತ್ರ ಒಂದು ಕಾಡಿಗೂ ಸಿಕ್ಕಿದೆ ಎಂದರೆ ಅಚ್ಚರಿಯಾದೀತು. ಮುಂಬೈನ ವಿಕ್ರೋಲಿಯಲ್ಲಿ, ಥಾಣೆ ಕ್ರೀಕ್ ಅಂಚಿನಲ್ಲಿ ಗೋದ್ರೆಜ್ ಸಂಸ್ಥೆ ಕಾಪಾಡಿಕೊಂಡು ಬಂದಿರುವ ಮ್ಯಾಂಗ್ರೋವ್ ಕಾಡು ಅದು. ನಮ್ಮ ಕರಾವಳಿಯವರ ಮಾತಿನಲ್ಲಿ ಕಾಂಡ್ಲಾ. ಅದರ ಅಧ್ಯಯನ, ರಕ್ಷಣೆಗಾಗಿ 1985ರಲ್ಲೇ ಸೂನಾಬಾಯಿ ಪಿರೋಜ್‌ಶಾ ಗೋದ್ರೆಜ್ ಸಾಗರ ಪರಿಸರ ಕೇಂದ್ರ ಆರಂಭವಾಗಿತ್ತು. ಪ್ರಮಾಣಪತ್ರ ಸಿಕ್ಕಿದ್ದು ಕಾಡಿನ ಹಸಿರಿಗಲ್ಲ, ಅದನ್ನು ನೋಡಿಕೊಳ್ಳುವ ಕ್ರಮಕ್ಕೆ.

ಪರಿಸರ ನಿರ್ವಹಣಾ ವ್ಯವಸ್ಥೆ, ಅಂದರೆ ಇಎಂಎಸ್‌ಗೆ ಇರುವ ಅಂತಾರಾಷ್ಟ್ರೀಯ ಮಾನದಂಡವೇ ಐಎಸ್‌ಒ 14001. 1996ರಲ್ಲಿ ಬಂತು, 2004 ಮತ್ತು 2015ರಲ್ಲಿ ಪರಿಷ್ಕರಣೆಯಾಯಿತು. ಹೊಗೆ ಇಷ್ಟೇ ಇರಬೇಕು, ನೀರು ಇಷ್ಟೇ ಬಳಸಬೇಕು ಎಂದು ಇದು ಮಿತಿ ಹಾಕುವುದಿಲ್ಲ. ಆ ಕೆಲಸ ಕಾನೂನಿನದು, ಮಾಲಿನ್ಯ ನಿಯಂತ್ರಣ ಮಂಡಳಿಯದು. ಇದು ಕೇಳುವ ಪ್ರಶ್ನೆಗಳೇ ಬೇರೆ. ನಿಮ್ಮ ಕೆಲಸದಿಂದ ಪರಿಸರಕ್ಕೆ ಎಲ್ಲೆಲ್ಲಿ ಪೆಟ್ಟು ಬೀಳುತ್ತಿದೆ? ಯಾವ ಕಾನೂನುಗಳು ನಿಮಗೆ ಅನ್ವಯಿಸುತ್ತವೆ? ಏನನ್ನು ಎಷ್ಟು ಇಳಿಸುತ್ತೀರಿ, ಅದರ ಹೊಣೆ ಯಾರದ್ದು, ಅಳೆದು ನೋಡಿದ್ದೀರಾ?

ಹೀಗಾಗಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಕಂಪನಿ ಶುದ್ಧ ಎಂದು ನಂಬಬೇಕಿಲ್ಲ. ಅದನ್ನು ಕೊಡುವುದು ಐಎಸ್‌ಒ ಅಲ್ಲ, ಹೊರಗಿನ ತಪಾಸಣಾ ಸಂಸ್ಥೆಗಳು. ಸಾಮಾನ್ಯವಾಗಿ ಅವಧಿ 3 ವರ್ಷ, ನಡುವೆ ಪ್ರತಿ ವರ್ಷ ತಪಾಸಣೆ. ಅದರಲ್ಲಿ ಮೊದಲು ಓದಬೇಕಾದದ್ದು ‘ವ್ಯಾಪ್ತಿ’ ಎಂಬ ಸಾಲು. ಹತ್ತು ಘಟಕಗಳಿರುವ ಕಂಪನಿ ಒಂದೇ ಘಟಕಕ್ಕೆ ಪ್ರಮಾಣಪತ್ರ ಪಡೆದು ಜಾಹೀರಾತಿನಲ್ಲಿ ಇಡೀ ಕಂಪನಿಯ ಹೆಸರು ಹಾಕಿಕೊಳ್ಳಬಹುದು!

ಮುಂಬೈನ ಉಡುಪಿ ಹೋಟೆಲ್‌ಗಳಂಥ ಸಣ್ಣ ಉದ್ದಿಮೆಗಳಿಗೆ ಪ್ರಮಾಣಪತ್ರದ ಖರ್ಚು ಬೇಕಿಲ್ಲದಿರಬಹುದು, ಕ್ರಮ ಮಾತ್ರ ಬೇಕು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಸೌದೆ–ಕಲ್ಲಿದ್ದಲು ಉರಿಸುವ ನಗರದ ಬೇಕರಿ, ಹೋಟೆಲ್‌ಗಳು 6 ತಿಂಗಳಲ್ಲಿ ಗ್ಯಾಸ್ ಅಥವಾ ಇತರ ಹಸಿರು ಇಂಧನಕ್ಕೆ ಬದಲಾಗಬೇಕೆಂದು ಹೇಳಿತು. ಇಂಧನದ ಲೆಕ್ಕವನ್ನೂ ಅನ್ವಯವಾಗುವ ನಿಯಮಗಳ ಪಟ್ಟಿಯನ್ನೂ ಮೊದಲೇ ಇಟ್ಟುಕೊಂಡ ಮಾಲೀಕರಿಗೆ ತಂದೂರಿ ಒಲೆ ಬದಲಿಸುವ ಖರ್ಚು ಎಷ್ಟೆಂದು ಅಂದಾಜು ಮಾಡುವುದು ಸುಲಭ.

ಕೆಲವು ಲೆಕ್ಕಗಳಂತೂ ಈಗಾಗಲೇ ಕಡ್ಡಾಯ. ಕರಿಯಲು ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಅದರ ದಾಖಲೆ ಇಡಬೇಕು ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ದಿನಕ್ಕೆ 100 ಕೆಜಿಗೂ ಹೆಚ್ಚು ಕಸ ಹಾಕುವವರನ್ನು 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ಉತ್ಪಾದಕರೆಂದು ಪರಿಗಣಿಸಿದವು. ಅದೇ ಪುಸ್ತಕದಲ್ಲಿ ನೀರು, ಕರೆಂಟು, ಗ್ಯಾಸ್‌ಗೂ ಒಂದೊಂದು ಪುಟ ಸೇರಿಸಿ, ಪ್ರತಿ ತಿಂಗಳು ಹಿಂದಿನ ತಿಂಗಳ ಜೊತೆ ಹೋಲಿಸಿ, ಏರಿದ್ದೇಕೆ ಎಂದು ಅಡುಗೆಮನೆಯಲ್ಲಿ ಒಬ್ಬರನ್ನು ಕೇಳಿದರೆ ಇಎಂಎಸ್ ಶುರುವಾದಂತೆ.