ರಕ್ತದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪ್ಲೇಟ್‌ಲೆಟ್ ಕೊರತೆ

ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆಯು ಸಾಮಾನ್ಯ ಮಟ್ಟಕ್ಕಿಂತ ಕೆಳಗಿಳಿಯುವ ಸ್ಥಿತಿಯೇ ಪ್ಲೇಟ್‌ಲೆಟ್ ಕೊರತೆ. ವೈದ್ಯಕೀಯ ಪರಿಭಾಷೆಯಲ್ಲಿ ಇದನ್ನು ಥ್ರಾಂಬೋಸೈಟೋಪೀನಿಯಾ ಎನ್ನುತ್ತಾರೆ. ಕನ್ನಡದ ಶಾಲಾ ಪಠ್ಯಗಳಲ್ಲಿ ಪ್ಲೇಟ್‌ಲೆಟ್‌ಗಳಿಗೆ ಕಿರುತಟ್ಟೆಗಳು ಎಂಬ ಹೆಸರಿದೆ. ಲ್ಯುಕೇಮಿಯಾ, ಲಿಂಫೋಮಾ ಮತ್ತು ಮೈಲೋಮಾ ರೋಗಗಳ ಚಿಕಿತ್ಸೆಯಲ್ಲಿ ಈ ಕೊರತೆಯು ಬಹುಪಾಲು ನಿರೀಕ್ಷಿತವಾದದ್ದು ಮತ್ತು ತಾತ್ಕಾಲಿಕವಾದದ್ದು. ಆದರೆ ಆ ಕೆಲವು ದಿನಗಳು ಅಥವಾ ವಾರಗಳಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ರೋಗಿ, ಮನೆಯವರು, ವೈದ್ಯರು ಮತ್ತು ರಕ್ತದಾನಿಗಳು ಕೂಡಿ ಆ ಅವಧಿಯನ್ನು ದಾಟಿಸಬೇಕಾಗುತ್ತದೆ.

ಪ್ಲೇಟ್‌ಲೆಟ್‌ಗಳ ಕಾರ್ಯ

ಪ್ಲೇಟ್‌ಲೆಟ್‌ಗಳು ಕೋಶಕೇಂದ್ರವಿಲ್ಲದ ಅತಿ ಸಣ್ಣ ರಕ್ತಕಣಗಳು. ಮೂಳೆಮಜ್ಜೆಯಲ್ಲಿರುವ ಮೆಗಾಕ್ಯಾರಿಯೋಸೈಟ್ ಎಂಬ ಬೃಹತ್ ಕೋಶಗಳು ಒಡೆದು ಇವು ಉಂಟಾಗುತ್ತವೆ. ಯಕೃತ್ತಿನಲ್ಲಿ ಮುಖ್ಯವಾಗಿ ತಯಾರಾಗುವ ಥ್ರಾಂಬೋಪೊಯೆಟಿನ್ ಎಂಬ ಹಾರ್ಮೋನು ಈ ಉತ್ಪಾದನೆಯನ್ನು ನಿಯಂತ್ರಿಸುತ್ತದೆ. ರಕ್ತನಾಳಕ್ಕೆ ಗಾಯವಾದಾಗ ಪ್ಲೇಟ್‌ಲೆಟ್‌ಗಳು ಅಲ್ಲಿಗೆ ಅಂಟಿಕೊಂಡು, ಒಂದರೊಡನೊಂದು ಕೂಡಿ, ಸೋರಿಕೆಯನ್ನು ಮುಚ್ಚುವ ಬಿರಡೆಯಂತಾಗುತ್ತವೆ. ಆರೋಗ್ಯವಂತ ವಯಸ್ಕರ ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಒಂದೊಂದರ ಆಯುಸ್ಸು ಸುಮಾರು 8ರಿಂದ 10 ದಿನಗಳು ಮಾತ್ರ. ಆದ್ದರಿಂದ ಮಜ್ಜೆಯಲ್ಲಿ ಉತ್ಪಾದನೆ ನಿಂತರೆ ಕೆಲವೇ ದಿನಗಳಲ್ಲಿ ಕೊರತೆ ಕಾಣಿಸಿಕೊಳ್ಳುತ್ತದೆ.

ಕಾರಣಗಳು

ಲ್ಯುಕೇಮಿಯಾದಲ್ಲಿ ಕ್ಯಾನ್ಸರ್ ಕೋಶಗಳು ಮೂಳೆಮಜ್ಜೆಯನ್ನು ಆಕ್ರಮಿಸುವುದರಿಂದ ಮೆಗಾಕ್ಯಾರಿಯೋಸೈಟ್‌ಗಳಿಗೆ ಎಡೆಯಿಲ್ಲದಂತಾಗುತ್ತದೆ. ಹೀಗಾಗಿ ಚಿಕಿತ್ಸೆ ಆರಂಭವಾಗುವ ಮೊದಲೇ ಸಂಖ್ಯೆ ಕುಸಿದಿರಬಹುದು. ಅನಂತರ ಕೊಡುವ ಕೀಮೋಥೆರಪಿಯು ವೇಗವಾಗಿ ವಿಭಜನೆಗೊಳ್ಳುವ ಕೋಶಗಳನ್ನು ನಾಶಪಡಿಸುವಾಗ ಮಜ್ಜೆಯ ಆರೋಗ್ಯಕರ ಕೋಶಗಳನ್ನೂ ಬಿಡುವುದಿಲ್ಲ. ಅನೇಕ ಕೀಮೋಥೆರಪಿ ಕ್ರಮಗಳಲ್ಲಿ ಔಷಧ ಕೊಟ್ಟ 7ರಿಂದ 14 ದಿನಗಳೊಳಗೆ ಸಂಖ್ಯೆ ಅತ್ಯಂತ ಕೆಳಮಟ್ಟವನ್ನು ಮುಟ್ಟಿ, ಮೂರು-ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಮೊದಲ ಸುತ್ತಿನ ಚಿಕಿತ್ಸೆಯಲ್ಲಿ ಮತ್ತು ಮೂಳೆಮಜ್ಜೆ ಕಸಿಯ ನಂತರ ಈ ಅವಧಿ ಇನ್ನೂ ದೀರ್ಘವಾಗಬಹುದು.

ಸೋಂಕು, ಗುಲ್ಮದ ಹಿಗ್ಗುವಿಕೆ ಮತ್ತು ಕೆಲವು ಔಷಧಗಳು ಕೊರತೆಯನ್ನು ಹೆಚ್ಚಿಸುತ್ತವೆ. ತೀವ್ರ ಪ್ರೊಮೈಲೋಸಿಟಿಕ್ ಲ್ಯುಕೇಮಿಯಾ ಎಂಬ ಪ್ರಭೇದದಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಏರುಪೇರಾಗುವುದರಿಂದ ಆರಂಭದ ದಿನಗಳಲ್ಲಿ ವಿಶೇಷ ನಿಗಾ ಅಗತ್ಯ.

ಡೆಂಗಿ ಜ್ವರದ ಪ್ಲೇಟ್‌ಲೆಟ್ ಕೊರತೆಗಿಂತ ಭಿನ್ನತೆ

ಬೆಂಗಳೂರಿನಂತಹ ನಗರಗಳಲ್ಲಿ ಪ್ಲೇಟ್‌ಲೆಟ್ ಎಂಬ ಪದವು ಮನೆಮಾತಾದದ್ದು ಡೆಂಗಿ ಜ್ವರದಿಂದ. ಮಳೆಗಾಲದಲ್ಲಿ ಡೆಂಗಿ ಹರಡಿದಾಗ ದಿನದಿನದ ಎಣಿಕೆಯೇ ಮಾತಿನ ವಿಷಯವಾಗುತ್ತದೆ. ಅದೇ ಅಳತೆಗೋಲನ್ನು ಕ್ಯಾನ್ಸರ್ ರೋಗಿಗೂ ಅನ್ವಯಿಸುವುದರಿಂದ ಎರಡು ಬಗೆಯ ತಪ್ಪುಗಳಾಗುತ್ತವೆ: ಅನಗತ್ಯ ಭಯ ಮತ್ತು ಅಪಾಯಕಾರಿ ನಿರಾಳತೆ.

ಡೆಂಗಿಯಲ್ಲಿ ಸಾಮಾನ್ಯವಾಗಿ ಮಜ್ಜೆಯು ಮೂಲತಃ ಆರೋಗ್ಯವಾಗಿರುತ್ತದೆ. ಸಂಖ್ಯೆಯು ಕೆಲವು ದಿನ ಇಳಿದು ತಾನಾಗಿಯೇ ಏರುತ್ತದೆ. ಅಲ್ಲಿನ ಮುಖ್ಯ ಅಪಾಯವು ರಕ್ತನಾಳಗಳಿಂದ ದ್ರವ ಸೋರುವುದು. ರಕ್ತದ ಕ್ಯಾನ್ಸರ್‌ನಲ್ಲಾದರೋ ಉತ್ಪಾದನೆಯ ಮೂಲವೇ ಸ್ಥಗಿತಗೊಂಡಿರುತ್ತದೆ. ಮಜ್ಜೆ ಚೇತರಿಸಿಕೊಳ್ಳುವವರೆಗೆ ಸಂಖ್ಯೆ ಏರುವುದಿಲ್ಲ. ಆದ್ದರಿಂದ ಡೆಂಗಿಯಲ್ಲಿ ರಕ್ತಸ್ರಾವವಿಲ್ಲದಿದ್ದರೆ ಪ್ಲೇಟ್‌ಲೆಟ್ ಕೊಡುವ ಅಗತ್ಯ ಸಾಮಾನ್ಯವಾಗಿ ಬೀಳದು. ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ರಕ್ತಸ್ರಾವ ಆರಂಭವಾಗುವ ಮೊದಲೇ ಮುಂಜಾಗ್ರತೆಯಾಗಿ ಕೊಡುವುದು ರೂಢಿಯಲ್ಲಿದೆ.

ಲಕ್ಷಣಗಳು

ಸಂಖ್ಯೆ ಸ್ವಲ್ಪ ಇಳಿದಾಗ ಯಾವ ಲಕ್ಷಣವೂ ಕಾಣದಿರಬಹುದು. ಹೆಚ್ಚು ಇಳಿದಾಗ ಕಾಣುವ ಲಕ್ಷಣಗಳು:

• ಕಣಕಾಲು ಮತ್ತು ಪಾದಗಳ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಕೆಂಪು ಚುಕ್ಕೆಗಳು. ಬೆರಳಿನಿಂದ ಒತ್ತಿದರೂ ಇವುಗಳ ಬಣ್ಣ ಮಾಸುವುದಿಲ್ಲ.
• ಪೆಟ್ಟಿನ ನೆನಪಿಲ್ಲದಿದ್ದರೂ ಮೂಡುವ ನೀಲಿ ಕಲೆಗಳು.
• ವಸಡು ಮತ್ತು ಮೂಗಿನಿಂದ ರಕ್ತ, ಬಾಯಿಯೊಳಗೆ ರಕ್ತದ ಗುಳ್ಳೆಗಳು.
• ಮುಟ್ಟಿನ ಸಮಯದಲ್ಲಿ ಅತಿಯಾದ ರಕ್ತಸ್ರಾವ.
• ಸಣ್ಣ ಗಾಯದಿಂದಲೂ ಬಹಳ ಹೊತ್ತು ರಕ್ತ ಸೋರುವುದು.

ತೀವ್ರ ತಲೆನೋವು, ವಾಂತಿ, ದೃಷ್ಟಿ ಮಸುಕಾಗುವುದು, ಮಂಪರು, ಮಾತಿನ ತೊದಲು, ಟಾರಿನಂತಹ ಕಪ್ಪು ಮಲ, ಮೂತ್ರದಲ್ಲಿ ಅಥವಾ ವಾಂತಿಯಲ್ಲಿ ರಕ್ತ ಇವು ತುರ್ತು ಲಕ್ಷಣಗಳು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸಬೇಕು. ಇಂತಹ ಸಂದರ್ಭಗಳಲ್ಲಿ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕರ್ನಾಟಕದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬ್ಯುಲೆನ್ಸ್ ಪಡೆಯಬಹುದು.

ಎಣಿಕೆಯನ್ನು ಅರ್ಥೈಸುವ ಬಗೆ

ಎಣಿಕೆಯೊಂದೇ ಅಪಾಯವನ್ನು ನಿರ್ಧರಿಸುವುದಿಲ್ಲ. 50,000ಕ್ಕಿಂತ ಹೆಚ್ಚಿದ್ದಾಗ ತಾನಾಗಿ ರಕ್ತಸ್ರಾವವಾಗುವುದು ಅಪರೂಪ. 10,000ಕ್ಕಿಂತ ಕೆಳಗಿಳಿದಾಗ ಅಪಾಯ ಗಣನೀಯವಾಗಿ ಹೆಚ್ಚುತ್ತದೆ. ಜ್ವರ, ಸೋಂಕು, ಹೆಪ್ಪುಗಟ್ಟುವಿಕೆಯ ದೋಷ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಅದಕ್ಕಿಂತ ಮೇಲಿನ ಮಟ್ಟದಲ್ಲೂ ರಕ್ತ ಸೋರಬಹುದು. ಒಂದು ದಿನ 12,000, ಮರುದಿನ 14,000 ಎಂದು ವರದಿ ಬಂದರೆ ಅದು ಏರಿಕೆಯೆಂದು ಹೇಳಲಾಗದು. ಅಷ್ಟು ವ್ಯತ್ಯಾಸವು ಯಂತ್ರದ ಎಣಿಕೆಯಲ್ಲಿ ಸಹಜ. ರಕ್ತ ಸಂಗ್ರಹಿಸಿದ ನಳಿಕೆಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿದರೂ ಯಂತ್ರವು ತಪ್ಪಾಗಿ ಕಡಿಮೆ ಸಂಖ್ಯೆಯನ್ನು ತೋರಿಸುತ್ತದೆ. ಅನಿರೀಕ್ಷಿತ ಕುಸಿತ ಕಂಡಾಗ ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತಪಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಪ್ಲೇಟ್‌ಲೆಟ್ ಪೂರಣ

ದಾನಿಗಳಿಂದ ಪಡೆದ ಪ್ಲೇಟ್‌ಲೆಟ್‌ಗಳನ್ನು ರಕ್ತನಾಳದ ಮೂಲಕ ಕೊಡುವುದೇ ಮುಖ್ಯ ಚಿಕಿತ್ಸೆ. ಸ್ಥಿರ ಸ್ಥಿತಿಯಲ್ಲಿರುವ, ರಕ್ತಸ್ರಾವವಿಲ್ಲದ ಒಳರೋಗಿಗೆ ಸಂಖ್ಯೆಯು 10,000ಕ್ಕಿಂತ ಕೆಳಗಿಳಿದಾಗ ಪೂರಣ ಮಾಡುವುದು ವ್ಯಾಪಕ ರೂಢಿ. ಜ್ವರ ಅಥವಾ ಇತರ ಅಪಾಯಗಳಿದ್ದರೆ ವೈದ್ಯರು ಮಿತಿಯನ್ನು 20,000ಕ್ಕೆ ಏರಿಸಬಹುದು. ದೊಡ್ಡ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ 50,000, ಮಿದುಳಿನ ಶಸ್ತ್ರಚಿಕಿತ್ಸೆಗೆ 1 ಲಕ್ಷ ಅಪೇಕ್ಷಣೀಯ. ರಕ್ತಸ್ರಾವ ಆರಂಭವಾಗಿದ್ದರೆ ಈ ಮಿತಿಗಳಿಗೆ ಕಾಯುವಂತಿಲ್ಲ.

ಪ್ಲೇಟ್‌ಲೆಟ್‌ಗಳು ಎರಡು ರೂಪಗಳಲ್ಲಿ ದೊರೆಯುತ್ತವೆ. ಸಾಮಾನ್ಯ ರಕ್ತದಾನದಲ್ಲಿ ಬಂದ ರಕ್ತವನ್ನು ಬೇರ್ಪಡಿಸಿ ತೆಗೆದದ್ದು ಮೊದಲನೆಯದು. ಇದನ್ನು ಆಸ್ಪತ್ರೆಗಳಲ್ಲಿ ಆರ್‌ಡಿಪಿ ಎನ್ನುತ್ತಾರೆ. ಇದರ ಒಂದು ಚೀಲವು ವಯಸ್ಕರಲ್ಲಿ ಸುಮಾರು 5,000ದಿಂದ 10,000ದಷ್ಟು ಏರಿಕೆ ತರುತ್ತದೆ. ಎರಡನೆಯದು ಎಸ್‌ಡಿಪಿ. ಒಬ್ಬನೇ ದಾನಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಪ್ಲೇಟ್‌ಲೆಟ್‌ಗಳನ್ನು ಮಾತ್ರ ತೆಗೆದುಕೊಂಡು ಉಳಿದ ರಕ್ತವನ್ನು ಅವನಿಗೇ ಮರಳಿಸುವ ವಿಧಾನವಿದು. ಇದರ ಒಂದು ಚೀಲವು ಸುಮಾರು 30,000 ಅಥವಾ ಅದಕ್ಕೂ ಹೆಚ್ಚಿನ ಏರಿಕೆ ತರಬಲ್ಲದು.

ಕೊಟ್ಟ ಪ್ಲೇಟ್‌ಲೆಟ್‌ಗಳು ಎರಡು-ಮೂರು ದಿನಗಳಲ್ಲಿ ಮುಗಿದುಹೋಗುವುದು ಸಹಜ. ಮತ್ತೆ ಸಂಖ್ಯೆ ಇಳಿಯಿತೆಂದರೆ ಚಿಕಿತ್ಸೆ ವಿಫಲವಾಯಿತೆಂದಲ್ಲ. ಆದರೆ ಪೂರಣದ ನಂತರ ಒಂದು ಗಂಟೆಯೊಳಗಿನ ಎಣಿಕೆಯಲ್ಲೂ ಏರಿಕೆ ಕಾಣದಿದ್ದರೆ, ಮತ್ತು ಹೀಗೆ ಪದೇ ಪದೇ ಆದರೆ, ರೋಗಿಯ ದೇಹದಲ್ಲಿ ಪ್ರತಿಕಾಯಗಳು ಬೆಳೆದಿರುವ ಸಾಧ್ಯತೆಯಿದೆ. ಆಗ ಎಚ್‌ಎಲ್‌ಎ ಹೊಂದಾಣಿಕೆಯಿರುವ ದಾನಿಯನ್ನು ಹುಡುಕಬೇಕಾಗಬಹುದು. ಬಿಳಿ ರಕ್ತಕಣಗಳನ್ನು ಸೋಸಿ ತೆಗೆದ ಚೀಲಗಳನ್ನು ಬಳಸುವುದರಿಂದ ಈ ತೊಂದರೆ ಕಡಿಮೆಯಾಗುತ್ತದೆ.

ಪೂರಣದ ವೇಳೆ ಚಳಿ, ಜ್ವರ, ಮೈ ತುರಿಕೆ ಅಥವಾ ದದ್ದು ಕಾಣಿಸಿಕೊಳ್ಳಬಹುದು. ಉಸಿರಾಟದ ತೊಂದರೆ ಅಥವಾ ನಡುಕ ಬಂದರೆ ತಕ್ಷಣ ದಾದಿಯರಿಗೆ ತಿಳಿಸಬೇಕು.

ಇತರ ಔಷಧಗಳು

ಬಾಯಿ ಮತ್ತು ಮೂಗಿನ ರಕ್ತಸ್ರಾವಕ್ಕೆ ಕೆಲವೊಮ್ಮೆ ಟ್ರಾನೆಕ್ಸಾಮಿಕ್ ಆಮ್ಲವನ್ನು ಬಳಸುತ್ತಾರೆ. ಮೂತ್ರದಲ್ಲಿ ರಕ್ತವಿದ್ದಾಗ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಪ್ಲೇಟ್‌ಲೆಟ್ ಉತ್ಪಾದನೆಯನ್ನು ಪ್ರಚೋದಿಸುವ ಎಲ್ಟ್ರೊಂಬೊಪ್ಯಾಗ್, ರೊಮಿಪ್ಲೋಸ್ಟಿಮ್ ಔಷಧಗಳು ಬೇರೆ ಕಾಯಿಲೆಗಳಲ್ಲಿ ಉಪಯುಕ್ತವಾಗಿವೆಯಾದರೂ ಲ್ಯುಕೇಮಿಯಾದ ಕೀಮೋಥೆರಪಿಯಲ್ಲಿ ವಾಡಿಕೆಯ ಚಿಕಿತ್ಸೆಯಾಗಿಲ್ಲ. ಅತಿಯಾದ ಮುಟ್ಟಿನ ಸ್ರಾವವಿರುವ ಮಹಿಳೆಯರಿಗೆ ಚಿಕಿತ್ಸೆಯ ಅವಧಿಯಲ್ಲಿ ಮುಟ್ಟನ್ನು ತಡೆಯುವ ಔಷಧಗಳುಂಟು. ಈ ವಿಷಯವನ್ನು ವೈದ್ಯರ ಬಳಿ ಸಂಕೋಚವಿಲ್ಲದೆ ಪ್ರಸ್ತಾಪಿಸಬೇಕು.

ದೈನಂದಿನ ಎಚ್ಚರಿಕೆಗಳು

• ಮೃದುವಾದ ಬ್ರಷ್‌ನಿಂದ ಹಲ್ಲುಜ್ಜುವುದು. ವಸಡಿನಿಂದ ರಕ್ತ ಬರುತ್ತಿದ್ದರೆ ವೈದ್ಯರು ಸೂಚಿಸಿದ ದ್ರಾವಣದಿಂದ ಬಾಯಿ ಮುಕ್ಕಳಿಸುವುದು.
• ಕೂದಲು ಉದುರುವಾಗ ತಲೆ ಬೋಳಿಸಿಕೊಳ್ಳುವವರು ಕ್ಷೌರದ ಕತ್ತಿ ಅಥವಾ ಬ್ಲೇಡಿನ ಬದಲು ವಿದ್ಯುತ್ ಟ್ರಿಮ್ಮರ್ ಬಳಸುವುದು.
• ಈಳಿಗೆಮಣೆ, ತುರಿಯುವ ಮಣೆ, ಚೂರಿಗಳ ಕೆಲಸವನ್ನು ಮನೆಯ ಇತರರು ವಹಿಸಿಕೊಳ್ಳುವುದು.
• ಮನೆಯೊಳಗೂ ಜಾರದ ಚಪ್ಪಲಿ ಧರಿಸುವುದು; ಬಚ್ಚಲುಮನೆಯ ನೆಲವನ್ನು ಒಣಗಿಸಿಡುವುದು.
• ಸಂಖ್ಯೆ ಕಡಿಮೆಯಿರುವ ದಿನಗಳಲ್ಲಿ ದ್ವಿಚಕ್ರ ವಾಹನ ಸವಾರಿ, ಮಕ್ಕಳಾದರೆ ಕ್ರಿಕೆಟ್ ಮತ್ತು ಓಡಾಟದ ಆಟಗಳನ್ನು ಬಿಡುವುದು.
• ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು. ಮೂಗನ್ನು ಜೋರಾಗಿ ಸೀಟದಿರುವುದು.
• ಸ್ನಾಯುವಿಗೆ ಚುಚ್ಚುಮದ್ದು, ಗುದದ್ವಾರದ ಔಷಧ ಮತ್ತು ಹಲ್ಲು ಕೀಳಿಸುವುದನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಮಾಡಿಸದಿರುವುದು.

ಆಸ್ಪಿರಿನ್, ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್ ಮಾತ್ರೆಗಳು ಉಳಿದಿರುವ ಪ್ಲೇಟ್‌ಲೆಟ್‌ಗಳ ಕಾರ್ಯವನ್ನೂ ಕುಗ್ಗಿಸುತ್ತವೆ. ಔಷಧದಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯಲ್ಲಿ ಇವು ಇರಬಹುದಾದ್ದರಿಂದ ವೈದ್ಯರಿಗೆ ತೋರಿಸದೆ ನುಂಗಬಾರದು. ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುತ್ತಿರುವವರು ತಾವಾಗಿಯೇ ನಿಲ್ಲಿಸದೆ ವೈದ್ಯರ ತೀರ್ಮಾನ ಪಡೆಯಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಕಾಯುವುದೂ ಸಲ್ಲದು. ಬಿಳಿ ರಕ್ತಕಣಗಳೂ ಕಡಿಮೆಯಿರುವ ಈ ಸಮಯದಲ್ಲಿ ಜ್ವರವು ಗಂಭೀರ ಸೋಂಕಿನ ಸೂಚನೆಯಾಗಿರಬಹುದು.

ಮೂಗಿನಿಂದ ರಕ್ತ ಬಂದಾಗ ನೆಟ್ಟಗೆ ಕುಳಿತು, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೃದು ಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಡಿದುಕೊಳ್ಳಬೇಕು. ತಲೆಯನ್ನು ಹಿಂದಕ್ಕೆ ಚೆಲ್ಲಿದರೆ ರಕ್ತವು ಗಂಟಲಿಗೆ ಇಳಿಯುತ್ತದೆ. ಆದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಆಹಾರ ಮತ್ತು ಮನೆಮದ್ದು

ಕೀಮೋಥೆರಪಿಯಿಂದ ಕುಗ್ಗಿದ ಮಜ್ಜೆಯನ್ನು ಯಾವುದೇ ಒಂದು ಆಹಾರವು ಎಚ್ಚರಿಸಿ ಪ್ಲೇಟ್‌ಲೆಟ್ ಸಂಖ್ಯೆಯನ್ನು ಏರಿಸುತ್ತದೆಂಬುದಕ್ಕೆ ಆಧಾರವಿಲ್ಲ. ಪರಂಗಿ ಎಲೆಯ ರಸ ಮತ್ತು ಅದರ ಮಾತ್ರೆಗಳು ಡೆಂಗಿಯ ಕಾರಣದಿಂದ ಜನಪ್ರಿಯವಾಗಿವೆ. ಅವುಗಳ ಕುರಿತ ಅಧ್ಯಯನಗಳು ಹೆಚ್ಚಾಗಿ ಡೆಂಗಿ ರೋಗಿಗಳ ಮೇಲೆ ನಡೆದವು. ಆ ಫಲಿತಾಂಶವನ್ನು ಲ್ಯುಕೇಮಿಯಾಗೆ ಹೊಂದಿಸಲಾಗದು. ಹಸಿ ಎಲೆಯನ್ನು ಅರೆದು ಹಿಂಡಿದ ರಸದಿಂದ ಸೋಂಕು ತಗಲುವ ಭಯವೂ ಇದೆ. ಅಮೃತಬಳ್ಳಿ ಮುಂತಾದ ಮೂಲಿಕೆಗಳನ್ನು ಸೇವಿಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು.

ಬಾಯಿ ಹುಣ್ಣಾಗಿರುವಾಗ ಚಕ್ಕುಲಿ, ನಿಪ್ಪಟ್ಟು, ಸಿಗಿದು ತಿನ್ನುವ ಕಬ್ಬು ಮುಂತಾದ ಗಟ್ಟಿ ತಿನಿಸುಗಳು ವಸಡನ್ನು ಗಾಯಗೊಳಿಸುತ್ತವೆ. ಬಿಸಿ ಆರಿದ ಗಂಜಿ, ಇಡ್ಲಿ, ಮೆತ್ತಗಿನ ಅನ್ನ-ಬೇಳೆ, ರಾಗಿ ಅಂಬಲಿಯಂತಹ ಚೆನ್ನಾಗಿ ಬೆಂದ ಮೃದು ಆಹಾರ ಹಿತಕರ.

ದಾನಿಗಳು ಮತ್ತು ಬೆಂಗಳೂರಿನ ಸಂದರ್ಭ

ಕೆಂಪು ರಕ್ತಕಣಗಳನ್ನು ಶೀತದಲ್ಲಿ ವಾರಗಟ್ಟಲೆ ಇಡಬಹುದು. ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿರಂತರವಾಗಿ ಅಲುಗಾಡಿಸುತ್ತ, ಸಾಮಾನ್ಯವಾಗಿ 5 ದಿನಗಳು ಮಾತ್ರ ಕಾಪಿಡಲು ಸಾಧ್ಯ. ಹಬ್ಬದ ಸಾಲು ರಜೆಗಳಲ್ಲಿ ದಾನಿಗಳು ವಿರಳವಾದಾಗ, ಡೆಂಗಿ ಹೆಚ್ಚಿದಾಗ ಕೊರತೆ ಕಾಣಿಸಿಕೊಳ್ಳಲು ಇದೇ ಕಾರಣ.

ದಕ್ಷಿಣ ಬೆಂಗಳೂರಿನ ಹೊರವಲಯದ ಗೊಟ್ಟಿಗೆರೆಯಿಂದ ಹುಳಿಮಾವು, ಅರೆಕೆರೆ, ಬಿಳೇಕಹಳ್ಳಿಗಳನ್ನು ದಾಟಿ ಬರುವ ಬನ್ನೇರುಘಟ್ಟ ರಸ್ತೆಯು ಡೇರಿ ವೃತ್ತವನ್ನು ಸೇರುತ್ತದೆ. ಅಲ್ಲಿಂದ ಸಮೀಪದಲ್ಲೇ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಿದೆ. 1973ರಲ್ಲಿ ಆರಂಭವಾದ ಈ ಸಂಸ್ಥೆಯು 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆ ಪಡೆಯಿತು. ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ ನೆರೆರಾಜ್ಯಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು ಬನ್ನೇರುಘಟ್ಟ ರಸ್ತೆಯ ಖಾಸಗಿ ಆಸ್ಪತ್ರೆಗಳೂ ಈ ಭಾಗದಲ್ಲಿವೆ. ದೂರದ ಊರಿನಿಂದ ಬಂದು ಬಾಡಿಗೆ ಕೋಣೆಯಲ್ಲಿ ಉಳಿದವರಿಗೆ ಕಠಿಣವಾದದ್ದು ದಾನಿಗಳನ್ನು ಹುಡುಕುವ ಕೆಲಸ. ನಗರದವರಿಗಿರುವ ಬಂಧುಬಳಗ ಅವರಿಗೆ ಇಲ್ಲಿರುವುದಿಲ್ಲ. ಆದ್ದರಿಂದ ಚಿಕಿತ್ಸೆಯ ಆರಂಭದಲ್ಲೇ ಯಾವ ವಾರದಲ್ಲಿ ಪ್ಲೇಟ್‌ಲೆಟ್ ಬೇಕಾಗಬಹುದೆಂದು ವೈದ್ಯರನ್ನು ಕೇಳಿ, ದಾನಿಗಳ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುವುದು ಉಪಯುಕ್ತ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಮತ್ತು ರಕ್ತ ಕೇಂದ್ರದವರು ಇದಕ್ಕೆ ನೆರವಾಗಬಲ್ಲರು. ಕೇಂದ್ರ ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ರಕ್ತ ಕೇಂದ್ರಗಳ ದಾಸ್ತಾನನ್ನು ನೋಡಬಹುದು.

ಭಾರತದಲ್ಲಿ ಯಂತ್ರದ ಮೂಲಕ ಪ್ಲೇಟ್‌ಲೆಟ್ ದಾನ ಮಾಡುವವರು 18ರಿಂದ 60 ವರ್ಷದೊಳಗಿನ ಆರೋಗ್ಯವಂತರಾಗಿದ್ದು, ಅವರ ಸ್ವಂತ ಸಂಖ್ಯೆ 1.5 ಲಕ್ಷಕ್ಕಿಂತ ಹೆಚ್ಚಿರಬೇಕು. ಇತ್ತೀಚೆಗೆ ಆಸ್ಪಿರಿನ್ ಸೇವಿಸಿರಬಾರದು. ದಾನಕ್ಕೆ ಸುಮಾರು ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. 48 ಗಂಟೆಗಳ ಅಂತರವಿಟ್ಟು ವಾರಕ್ಕೆ ಹೆಚ್ಚೆಂದರೆ ಎರಡು ಬಾರಿ, ವರ್ಷಕ್ಕೆ 24 ಬಾರಿ ಕೊಡಬಹುದು. ಹಣ ಪಡೆದು ರಕ್ತ ಕೊಡುವ ಪದ್ಧತಿಯು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ನಿಷೇಧಕ್ಕೊಳಗಾಗಿದೆ.

ಮೂಳೆಮಜ್ಜೆ ಕಸಿಯ ಸಾಧ್ಯತೆಯಿರುವ ರೋಗಿಗೆ ಒಡಹುಟ್ಟಿದವರು ಮತ್ತು ರಕ್ತಸಂಬಂಧಿಗಳು ಕಸಿಗೆ ಮುನ್ನ ರಕ್ತ ಅಥವಾ ಪ್ಲೇಟ್‌ಲೆಟ್ ಕೊಡದಿರುವುದು ಒಳಿತು. ಅವರ ಕಣಗಳ ವಿರುದ್ಧ ಪ್ರತಿಕಾಯಗಳು ಬೆಳೆದರೆ ಮುಂದೆ ಅವರ ಮಜ್ಜೆಯನ್ನು ದೇಹವು ತಿರಸ್ಕರಿಸಬಹುದು. ಪ್ರೀತಿಯಿಂದ ಮೊದಲು ಮುಂದಾಗುವವರು ಅವರೇ ಆದ್ದರಿಂದ ಈ ಸಂಗತಿಯನ್ನು ಕುಟುಂಬಕ್ಕೆ ಮುಂಚಿತವಾಗಿ ತಿಳಿಸಬೇಕು.

ಇತಿಹಾಸ

ಇಟಲಿಯ ಜೂಲಿಯೋ ಬಿಜ್ಜೊಜೆರೊ 1882ರಲ್ಲಿ ಪ್ಲೇಟ್‌ಲೆಟ್‌ಗಳನ್ನು ಪ್ರತ್ಯೇಕ ರಕ್ತಕಣಗಳೆಂದು ಗುರುತಿಸಿ ಅವುಗಳ ಕಾರ್ಯವನ್ನು ವಿವರಿಸಿದರು. ಅಮೆರಿಕದ ವಿಲಿಯಂ ಡ್ಯೂಕ್ 1910ರಲ್ಲಿ, ರಕ್ತಪೂರಣದಿಂದ ಪ್ಲೇಟ್‌ಲೆಟ್ ಸಂಖ್ಯೆ ಏರಿ ರಕ್ತಸ್ರಾವ ನಿಲ್ಲುವುದನ್ನು ದಾಖಲಿಸಿದರು. ಆದರೂ 20ನೆಯ ಶತಮಾನದ ಮಧ್ಯದವರೆಗೆ ಲ್ಯುಕೇಮಿಯಾ ರೋಗಿಗಳ ಸಾವಿಗೆ ರಕ್ತಸ್ರಾವವೇ ಪ್ರಮುಖ ಕಾರಣವಾಗಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಮಿಲ್ ಫ್ರೈರೈಕ್ ಮತ್ತು ಸಂಗಡಿಗರು ಪ್ಲೇಟ್‌ಲೆಟ್ ಪೂರಣದಿಂದ ಇದನ್ನು ತಡೆಯಬಹುದೆಂದು ತೋರಿಸಿದರು. ಮಗನಿಗೆ ಲ್ಯುಕೇಮಿಯಾ ತಗಲಿದ್ದ ಐಬಿಎಂ ಸಂಸ್ಥೆಯ ಎಂಜಿನಿಯರ್ ಜಾರ್ಜ್ ಜಡ್ಸನ್ ಅವರೊಡನೆ ಸೇರಿ 1960ರ ದಶಕದಲ್ಲಿ ರಕ್ತಕಣಗಳನ್ನು ಬೇರ್ಪಡಿಸುವ ಯಂತ್ರವನ್ನು ರೂಪಿಸಿದವರೂ ಅವರೇ. 1969ರಲ್ಲಿ ಮರ್ಫಿ ಮತ್ತು ಗಾರ್ಡ್ನರ್, ಪ್ಲೇಟ್‌ಲೆಟ್‌ಗಳನ್ನು ಶೀತದಲ್ಲಿಡುವುದಕ್ಕಿಂತ ಕೋಣೆಯ ಉಷ್ಣತೆಯಲ್ಲಿಡುವುದು ಲೇಸೆಂದು ತೋರಿಸಿಕೊಟ್ಟರು.

ಪೂರಣದ ಮಿತಿಯು ಮೊದಲು 20,000 ಇತ್ತು. 1997ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವು 10,000ದ ಮಿತಿಯೂ ಸುರಕ್ಷಿತವೆಂದು ತೋರಿಸಿತು. ಮುಂಜಾಗ್ರತೆಯ ಪೂರಣವನ್ನೇ ಕೈಬಿಡಬಹುದೇ ಎಂಬ ಪ್ರಶ್ನೆಯನ್ನು ಬ್ರಿಟನ್ ಮತ್ತು ಆಸ್ಟ್ರೇಲಿಯಾದ 600 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಪೂರಣ ಪಡೆದವರಲ್ಲಿ ಶೇ. 43 ಮಂದಿಗೆ, ಪಡೆಯದವರಲ್ಲಿ ಶೇ. 50 ಮಂದಿಗೆ ಗಮನಾರ್ಹ ರಕ್ತಸ್ರಾವವಾಯಿತು. ಮುಂಜಾಗ್ರತೆಯ ಪೂರಣವು ಪ್ರಯೋಜನಕಾರಿ, ಆದರೆ ಅದರಿಂದಲೇ ರಕ್ತಸ್ರಾವ ಪೂರ್ಣ ನಿಲ್ಲದು ಎಂಬುದು ಇದರ ತಾತ್ಪರ್ಯ. ಪ್ಲೇಟ್‌ಲೆಟ್ ಏರಿಸಿದ ದಿನವೂ ರೋಗಿಯ ಚರ್ಮ, ಬಾಯಿ, ಮಲಮೂತ್ರಗಳ ಮೇಲೆ ಕಣ್ಣಿಟ್ಟಿರಬೇಕೆಂದು ವೈದ್ಯರು ಹೇಳುವುದಕ್ಕೆ ಇದೇ ಆಧಾರ.