ನೀರಿನ ಜಾಡು ಹಿಡಿದು ನಮ್ಮ ಬೆಳಗಾವಿ

ಕಾಲುವೆಗಳ ನಗರ ಎಂದ ಕೂಡಲೇ ನಮಗೆ ವೆನಿಸ್, ಆಮ್‌ಸ್ಟರ್‌ಡ್ಯಾಮ್ ನೆನಪಾಗುತ್ತವೆ. ಆಮ್‌ಸ್ಟರ್‌ಡ್ಯಾಮಿನ ಹಳೆಯ ಕಾಲುವೆಗಳ ವರ್ತುಲಕ್ಕೆ 2010ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಅಲ್ಲಿಗೆ ಹೋದ ಪ್ರವಾಸಿಗರು ಮಾರ್ಗದರ್ಶಕರೊಂದಿಗೆ ಸದ್ದುಗದ್ದಲವಿಲ್ಲದ ಓಣಿಗಳಲ್ಲಿ ನಡೆದು, ಊರು ಹೇಗೆ ನೀರಿನ ಮೇಲೆ ಬೆಳೆಯಿತು ಎಂದು ತಿಳಿದುಕೊಳ್ಳುತ್ತಾರೆ. ಅಂಥ ಕಾಲುವೆ ನಮ್ಮ ಬೆಳಗಾವಿಯಲ್ಲಿ ಇಲ್ಲ. ಆದರೆ ನಮ್ಮ ಊರೂ ನೀರನ್ನು ನಂಬಿಯೇ ಬೆಳೆದದ್ದು. ಕೋಟೆಯ ಸುತ್ತಲಿನ ಕಂದಕ, ಓಣಿ ಓಣಿಗೂ ಇದ್ದ ಬಾವಿ, ಕಪಿಲೇಶ್ವರದ ಹೊಂಡ, ಹೊಲಗಳ ನಡುವಿನ ನಾಲಾ, ಇವನ್ನು ಒಂದರ ಹಿಂದೆ ಒಂದು ನೋಡುತ್ತ ನಡೆದರೆ ಎಂಟುನೂರು ವರ್ಷಗಳ ಚರಿತ್ರೆ ಕಣ್ಣ ಮುಂದೆ ಬರುತ್ತದೆ.

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ನಿಮಿತ್ತ ಹಳೆಯ ವಿದ್ಯಾರ್ಥಿಗಳು ಹತ್ತು-ಹನ್ನೆರಡು ಜನ ಸೇರಿ, ನಿವೃತ್ತರಾದ ನಮ್ಮ ಸಮಾಜ ವಿಜ್ಞಾನದ ಗುರುಗಳನ್ನು ಮುಂದೆ ಮಾಡಿಕೊಂಡು ಒಂದು ಭಾನುವಾರ ಹೀಗೆ ನಡೆದೆವು. ಆಟೋ ನಗರದಲ್ಲಿ ಬೆಳೆದ ನಮಗೆ ಲಾರಿ, ಗ್ಯಾರೇಜು, ವೆಲ್ಡಿಂಗ್ ಕಿಡಿ ಗೊತ್ತು. ಪೇಟೆಗೆ ಹೋಗುತ್ತಿದ್ದದ್ದು ಹಬ್ಬದ ಬಟ್ಟೆ ತರಲಿಕ್ಕೆ ಅಥವಾ ಬಸ್ ಹಿಡಿಯಲಿಕ್ಕೆ ಮಾತ್ರ. "ಇತಿಹಾಸ ಅಂದ್ರ ಬರೇ ಹಂಪಿ, ಬಾದಾಮಿ ಅಲ್ಲಪಾ, ನೀವು ದಿನಾ ದಾಟೋ ಗಟಾರದಾಗೂ ಐತಿ" ಎಂದು ಗುರುಗಳು ತರಗತಿಯಲ್ಲಿ ಹೇಳುತ್ತಿದ್ದರು. ಆ ಮಾತಿನ ಅರ್ಥ ಅಂದು ಆಯಿತು. ಆ ದಿನ ಅವರಿಂದ ಕೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಕೋಟೆ ಮತ್ತು ಕಂದಕ

ಮೊದಲು ಹೋದದ್ದು ಕೋಟೆಗೆ. ಬಾಗಿಲಲ್ಲಿ ಗಣಪತಿ ಹಾಗೂ ದುರ್ಗೆಯ ಗುಡಿಗಳಿವೆ. ಗೋಡೆಯ ಹೊರಗೆ ಸುತ್ತಲೂ ಅಗಲವಾದ ಕಂದಕ. ಇಂದು ಅದರ ಬಹುಭಾಗದಲ್ಲಿ ಹುಲ್ಲು, ಪೊದೆ ಬೆಳೆದಿವೆ. ಹಿಂದೆ ಅದು ನೀರು ತುಂಬಿದ ಆಳವಾದ ಕಂದಕವಾಗಿತ್ತು. 1473ರ ಸುಮಾರಿಗೆ ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಮಂತ್ರಿ ಮಹಮೂದ್ ಗವಾನ್ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯೂ ಕಂದಕವೂ ಸೇರಿ ಅವನ ಸೈನ್ಯವನ್ನು ತಡೆದವು. ಕಡೆಗೆ ನೆಲದಡಿ ಸುರಂಗ ತೋಡಿ, ಮದ್ದು ತುಂಬಿ, ಗೋಡೆ ಒಡೆಯಬೇಕಾಯಿತು. ದಖನ್ನಿನಲ್ಲಿ ಮದ್ದಿನ ಸುರಂಗವನ್ನು ಬಳಸಿದ ಮೊದಮೊದಲ ಪ್ರಸಂಗಗಳಲ್ಲಿ ಇದನ್ನು ಇತಿಹಾಸಕಾರರು ಎಣಿಸುತ್ತಾರೆ. 1818ರಲ್ಲಿ ಜನರಲ್ ಮನ್ರೋ ಮುತ್ತಿಗೆ ಹಾಕಿದಾಗಲೂ ಕೋಟೆ ಸುಮಾರು ಮೂರು ವಾರ ತಡೆದುಕೊಂಡು, ಏಪ್ರಿಲ್ ತಿಂಗಳಲ್ಲಿ ಶರಣಾಯಿತು.

ಕಂದಕದಲ್ಲಿ ನೀರು ನಿಲ್ಲುತ್ತಿದ್ದ ಕಾರಣ ನಮ್ಮ ನೆಲದ ಗುಣದಲ್ಲಿದೆ. ಬೆಳಗಾವಿ ಸಹ್ಯಾದ್ರಿಯ ಮಗ್ಗುಲಿಗಿರುವ ಊರು. ಮಳೆಗಾಲದಲ್ಲಿ ಇಲ್ಲಿ ಮಳೆ ಜೋರು. ಮೇಲೆ ಜಂಬಿಟ್ಟಿಗೆಯ ಕೆಂಪು ಪದರ, ಅದರ ಕೆಳಗೆ ಗಟ್ಟಿ ಕರಿಕಲ್ಲು. ಜಂಬಿಟ್ಟಿಗೆ ತೂತುತೂತಾದ ಕಲ್ಲಾದ್ದರಿಂದ ಮಳೆನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಬಂಡೆ ಅದನ್ನು ಬೇಗ ಇಳಿಯಗೊಡುವುದಿಲ್ಲ. ಅಗೆದರೆ ಸ್ವಲ್ಪ ಆಳಕ್ಕೇ ನೀರು ಸಿಗುವುದು ಇದರಿಂದಲೇ. ಕೋಟೆ ಕಟ್ಟಿದವರಿಗೂ ಓಣಿಯಲ್ಲಿ ಬಾವಿ ತೋಡಿದವರಿಗೂ ಈ ಲೆಕ್ಕ ಗೊತ್ತಿತ್ತು.

ಕೋಟೆಯೊಳಗಿನ ಕಮಲ ಬಸದಿ ಕಟ್ಟಿದ್ದು 1204ರಲ್ಲಿ. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣ ಅಥವಾ ಬೀಚಿರಾಜ ಇದನ್ನು ಕಟ್ಟಿಸಿದ. ಒಳಗೆ ನೇಮಿನಾಥ ತೀರ್ಥಂಕರರ ಮೂರ್ತಿ. ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಕಲ್ಲಿನ ಕಮಲವೊಂದು ತಲೆಕೆಳಗಾಗಿ ಅರಳಿದಂತೆ ಕಾಣುತ್ತದೆ. ಬಸದಿಗೆ ಆ ಹೆಸರು ಬಂದದ್ದು ಅದರಿಂದ.

ಈ ಬಸದಿಗೆ ಸಂಬಂಧಿಸಿದ, ಅದೇ ಕಾಲದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ನಮ್ಮ ಊರಿನ ಹೆಸರು ವೇಣುಗ್ರಾಮ. ವೇಣು ಎಂದರೆ ಬಿದಿರು. ಬಸದಿಯನ್ನು ಅಲ್ಲಿ ರಟ್ಟ ಜಿನಾಲಯ ಎಂದು ಕರೆದಿದೆ, ಅದರ ಆಚಾರ್ಯ ಶುಭಚಂದ್ರರಿಗೆ ದಾನ ಕೊಟ್ಟ ವಿವರವಿದೆ. ಊರ ವರ್ತಕರು ಸಂತೆಯ ಸರಕಿನ ಮೇಲೆ ಬಸದಿಗೆ ಪಾಲು ಒಪ್ಪಿಸಿದ್ದೂ ಉಂಟು. ಆ ವರ್ತಕರಲ್ಲಿ ಗುಜರಾತಿನ ಕಡೆಯ ಲಾಳರೂ ಮಲೆಯಾಳದವರೂ ಇದ್ದರು. ಅಂದರೆ ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಊರಿನ ಸಂತೆಯಲ್ಲಿ ಹಲವು ಭಾಷೆ ಕೇಳಿಸುತ್ತಿದ್ದವು, ಬರೆದಿಡುವಾಗ ಕನ್ನಡ ಬಳಕೆಯಾಗುತ್ತಿತ್ತು. ನಮ್ಮ ಊರಿನ ಬಗ್ಗೆ ಯಾರಾದರೂ ವಾದಕ್ಕೆ ಬಂದರೆ ಕೂಗಾಡಬೇಕಾಗಿಲ್ಲ, ಈ ಶಾಸನವನ್ನು ತೋರಿಸಿದರೆ ಸಾಕು ಎಂದರು ಗುರುಗಳು.

ಅದೇ ಕೋಟೆಯಲ್ಲಿ ಬಿಜಾಪುರದ ಆದಿಲಶಾಹಿ ಸರದಾರ ಅಸದ್ ಖಾನ್ ಲಾರಿಯ ಕಾಲದ ಸಫಾ ಮಸೀದಿ ಇದೆ. ಅದರ ಕಂಬಗಳಲ್ಲಿ ಎರಡರ ಮೇಲೆ ನಾಗರಿ ಲಿಪಿಯಲ್ಲಿ ಬರೆದ ಕನ್ನಡ ಶಾಸನಗಳಿವೆ. ಒಂದು 1199ರ ರಟ್ಟ ಕಾರ್ತವೀರ್ಯನ ಕಾಲದ್ದು, ಇನ್ನೊಂದು 1261ರ ಸೇವುಣ ಕೃಷ್ಣನ ಕಾಲದ್ದು. ಲಿಪಿ ಒಂದು, ಭಾಷೆ ಇನ್ನೊಂದು, ಕಟ್ಟಡ ಮತ್ತೊಂದು. ಹತ್ತಿರದಲ್ಲಿಯೇ ರಾಮಕೃಷ್ಣ ಆಶ್ರಮವಿದೆ. 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಾಗ ಮೊದಲು ರಿಸಾಲ್ದಾರ ಗಲ್ಲಿಯ ಭಾಟೆಯವರ ಮನೆಯಲ್ಲಿ, ನಂತರ ಕೋಟೆಯಲ್ಲಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಉಳಿದಿದ್ದರು.

ಗಲ್ಲಿಗಳು, ಶಹಾಪುರ, ಕಪಿಲೇಶ್ವರ

ಕೋಟೆಯಿಂದ ಪೇಟೆಯ ಕಡೆ ಬಂದೆವು. ಖಡೇಬಜಾರದ ಗದ್ದಲ ಬಿಟ್ಟು ಒಳಗಿನ ಗಲ್ಲಿಗೆ ತಿರುಗಿದರೆ ಊರು ಸುಮ್ಮನಾಗುತ್ತದೆ. ಮಂಗಳೂರು ಹಂಚಿನ ಮನೆ, ಮುಂದೆ ಕಟ್ಟೆ, ಹಿತ್ತಿಲಲ್ಲಿ ಬಾವಿ. ಕೆಲವು ಬಾವಿಗಳ ಗಡಗಡೆ ಈಗಲೂ ಇದೆ, ಹಗ್ಗವಿಲ್ಲ. ಕೆಲವಕ್ಕೆ ಕಬ್ಬಿಣದ ಜಾಳಿಗೆ ಹಾಕಿ ಮೋಟಾರು ಕೂರಿಸಿದ್ದಾರೆ. ಕೆಲವನ್ನು ಮುಚ್ಚಿ ಮೇಲೆ ಬೈಕು ನಿಲ್ಲಿಸುತ್ತಾರೆ.

ಶಹಾಪುರಕ್ಕೆ ಹೋದಾಗ ಗುರುಗಳು ಒಂದು ಪ್ರಶ್ನೆ ಕೇಳಿದರು: "ಈಗ ನಾವು ಯಾವ ರಾಜ್ಯದಾಗ ಅದೀವಿ?" ಯಾರಿಗೂ ಉತ್ತರ ಹೊಳೆಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು, ಜಿಲ್ಲಾ ಕೇಂದ್ರವೂ ಆಗಿತ್ತು. ಆದರೆ ಅದಕ್ಕೆ ಹೊಂದಿಕೊಂಡಿದ್ದ ಶಹಾಪುರ 1948ರವರೆಗೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಒಂದು ರಸ್ತೆ ದಾಟಿದರೆ ಬೇರೆ ಆಡಳಿತ. ನೇಕಾರರು, ಸೀರೆ ವ್ಯಾಪಾರಿಗಳು, ಸರಾಫರು ಇಲ್ಲಿ ನೆಲೆಸಿ ಇದನ್ನು ದೊಡ್ಡ ಪೇಟೆಯನ್ನಾಗಿ ಮಾಡಿದರು. ಆಡಳಿತದ ಗಡಿ ಏನೇ ಇರಲಿ, ನೆಲದೊಳಗಿನ ನೀರು ಆ ಗಡಿಯನ್ನು ಕೇಳಲಿಲ್ಲ. ಎರಡೂ ಕಡೆಯ ಬಾವಿಗಳಿಗೆ ಒಂದೇ ಸೆಲೆ.

ಅಲ್ಲಿಗೆ ಹತ್ತಿರ ಕಪಿಲೇಶ್ವರ ದೇವಸ್ಥಾನ. ಜನ ಇದನ್ನು ದಕ್ಷಿಣ ಕಾಶಿ ಎನ್ನುತ್ತಾರೆ. ಇಲ್ಲಿನ ಹೊಂಡದಲ್ಲಿಯೇ ಊರಿನ ಸಾರ್ವಜನಿಕ ಗಣಪತಿಗಳ ವಿಸರ್ಜನೆ. ಅನಂತ ಚತುರ್ದಶಿಯ ರಾತ್ರಿ ಹೊರಟ ಮೆರವಣಿಗೆ ಮರುದಿನ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಆ ಗದ್ದಲ ಮಾತ್ರ ಕಂಡಿದ್ದ ನಮಗೆ, ಸಾಮಾನ್ಯ ಭಾನುವಾರ ಹೊಂಡದ ಮೆಟ್ಟಿಲ ಮೇಲೆ ಕುಳಿತಾಗ ಇದು ಬೇರೆಯೇ ಜಾಗ ಎನಿಸಿತು. ಅಲ್ಲಿ ಕುಳಿತೇ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜತೆಗೆ ಯಾರೋ ತಂದಿದ್ದ ಕುಂದಾ.

ನಾಲ್ಕು ಸಾವಿರ ರೂಪಾಯಿಯ ಬಾವಿ

ಊಟವಾದ ಮೇಲೆ ಟಿಳಕವಾಡಿಯ ಕಾಂಗ್ರೆಸ್ ಬಾವಿಗೆ ನಡೆದೆವು. 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಧಿವೇಶನ ನಡೆಯಿತು. ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ವ್ಯವಸ್ಥೆ ಮಾಡಿದರು, ನಾ. ಸು. ಹರ್ಡೀಕರರು ಸ್ವಯಂಸೇವಕರ ಪಡೆ ಕಟ್ಟಿದರು. ಬಯಲಿನಲ್ಲಿ ಎದ್ದ ಆ ಊರಿಗೆ ವಿಜಯನಗರ ಎಂದು ಹೆಸರಿಟ್ಟರು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊದಲು ಮೊಳಗಿದ್ದು ಇಲ್ಲಿಯೇ. ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ಲರು ಹಾಡಿದ್ದೂ ಇಲ್ಲಿಯೇ.

ಸಾವಿರಾರು ಜನ ಬರುವುದಿತ್ತು. ಅವರಿಗೆ ಕುಡಿಯಲು ನೀರು ಬೇಕು. ಅದಕ್ಕಾಗಿ ತೋಡಿದ ದೊಡ್ಡ ಬಾವಿಗೆ ವಿಜಯನಗರಕ್ಕೆ ಒಪ್ಪುವಂತೆ ಪಂಪಾ ಸರೋವರ ಎಂದು ಹೆಸರಿಟ್ಟರು. ಖರ್ಚಾದದ್ದು 4,370 ರೂಪಾಯಿ 3 ಆಣೆ. ಮೂರು ಆಣೆಯ ಲೆಕ್ಕವನ್ನೂ ಬಿಡದೆ ಬರೆದಿಟ್ಟ ಆ ಹಿರಿಯರ ಪ್ರಾಮಾಣಿಕತೆಗೆ ಇಂದಿನ ನಾವು ಕೈಮುಗಿಯಬೇಕು. ಚಪ್ಪರ, ಡೇರೆ ಎಲ್ಲ ಎರಡು ದಿನಕ್ಕೆ ಮುಗಿದುಹೋದವು, ಬಾವಿ ಉಳಿಯಿತು. 2024ರ ಡಿಸೆಂಬರ್‌ನಲ್ಲಿ ಅಧಿವೇಶನದ ಶತಮಾನೋತ್ಸವವೂ ಆಯಿತು. ನೂರು ವರ್ಷದ ಆ ಸಮಾರಂಭದ ಗುರುತಾಗಿ ವೀರಸೌಧ ಮತ್ತು ಈ ಬಾವಿ ನಮ್ಮ ಕಣ್ಣ ಮುಂದಿವೆ.

ನಲ್ಲಿ ಬಂತು, ಬಾವಿ ಮರೆಯಿತು

ಮುಂದೆ ಮಾರ್ಕಂಡೇಯ ನದಿಗೆ ರಾಕಸಕೊಪ್ಪದಲ್ಲಿ ಕಟ್ಟಿದ ಜಲಾಶಯದಿಂದ ನಲ್ಲಿ ನೀರು ಬಂತು. ಆಮೇಲೆ ಘಟಪ್ರಭೆಯ ಹಿಡಕಲ್ ಜಲಾಶಯದಿಂದಲೂ ಬಂತು. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ನಡೆದಾಗ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜತೆ ನಮ್ಮ ಬೆಳಗಾವಿಯೂ ಇತ್ತು. ಇದು ಹೆಮ್ಮೆಯ ಸಂಗತಿ. ಕೊಡ ಹೊತ್ತು ಬಾವಿಯ ಮುಂದೆ ಸಾಲು ನಿಂತ ತಾಯಂದಿರಿಗೆ ನಲ್ಲಿಯ ಬೆಲೆ ಗೊತ್ತು.

ಆದರೆ ನಲ್ಲಿ ಬಂದ ಮೇಲೆ ಬಾವಿಯಲ್ಲಿ ಕಸ ಬಿತ್ತು. 1995ರಲ್ಲಿ ಮಳೆ ಕೈಕೊಟ್ಟು ಊರಿಗೆ ನೀರಿನ ತೀವ್ರ ಕೊರತೆ ಬಂದಾಗ ಜನಕ್ಕೆ ಮತ್ತೆ ಬಾವಿ ನೆನಪಾಯಿತು. ಪಾಲಿಕೆಯೂ ನಾಗರಿಕರೂ ಸೇರಿ ಹಳೆಯ ದೊಡ್ಡ ಬಾವಿಗಳ ಹೂಳು ತೆಗೆಸಿದರು, ಕಾಂಗ್ರೆಸ್ ಬಾವಿಯೂ ಸೇರಿದಂತೆ ಹಲವು ಬಾವಿಗಳ ನೀರು ಮತ್ತೆ ಬಳಕೆಗೆ ಬಂತು. ನಾನು ಮಾಡುವ ಕೆಲಸದಲ್ಲಿ ಒಂದು ಸರ್ವರ್ ನಿಂತರೆ ಇನ್ನೊಂದು ಇರಲಿ ಎಂದು ಮೊದಲೇ ಸಿದ್ಧ ಮಾಡಿ ಇಟ್ಟಿರುತ್ತೇವೆ. ಅದಕ್ಕೆ ಬ್ಯಾಕಪ್ ಎನ್ನುತ್ತೇವೆ. ನಮ್ಮ ಹಿರಿಯರು ಊರಿಗೆ ಅಂಥ ವ್ಯವಸ್ಥೆಯನ್ನು ಕಲ್ಲಿನಲ್ಲಿ ಕಟ್ಟಿಟ್ಟು ಹೋಗಿದ್ದಾರೆ. ಅದನ್ನು ಮುಚ್ಚಿ ಬೈಕು ನಿಲ್ಲಿಸುವುದು ಜಾಣತನವಲ್ಲ.

ಕೊನೆಗೆ ನಾಲಾ

ಸಂಜೆ ನಾಲ್ಕರ ಹೊತ್ತಿಗೆ ವಡಗಾವಿಯ ಹೊಲಗಳ ಅಂಚಿಗೆ ಬಂದೆವು. ಅಲ್ಲಿ ಬಳ್ಳಾರಿ ನಾಲಾ. ಯಳ್ಳೂರಿನ ಕಡೆಯಿಂದ ಬಂದು ಊರನ್ನು ಬಳಸಿಕೊಂಡು ಪೂರ್ವಕ್ಕೆ ಹರಿಯುತ್ತದೆ. ಶಹಾಪುರ, ವಡಗಾವಿ, ಅನಗೋಳದ ಈ ಭತ್ತದ ಗದ್ದೆಗಳಿಂದಲೇ ಬೆಳಗಾವಿ ಬಾಸುಮತಿಗೆ ಹೆಸರು ಬಂದದ್ದು. ಈಗ ಹೂಳು, ಗಿಡಗಂಟಿ, ಒತ್ತುವರಿ ಸೇರಿ ನಾಲಾ ಕಿರಿದಾಗಿದೆ. ಜೋರು ಮಳೆಗೆ ನೀರು ಹೊಲಕ್ಕೆ ನುಗ್ಗಿ ನಾಟಿ ಕೊಳೆಯುತ್ತದೆ, ರೈತ ಮತ್ತೆ ನಾಟಿ ಮಾಡಬೇಕು. 2019ರ ಆಗಸ್ಟ್‌ನಲ್ಲಿ ನೀರು ಹೊಲಕ್ಕೆ ನಿಲ್ಲದೆ ಬಡಾವಣೆಗಳ ಮನೆಯೊಳಗೂ ಬಂತು. ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ. ನಾವು ಮರೆತಿದ್ದೆವು.

ಈ ನಾಲಾ ಮಾರ್ಕಂಡೇಯವನ್ನು, ಮಾರ್ಕಂಡೇಯ ಘಟಪ್ರಭೆಯನ್ನು, ಘಟಪ್ರಭೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಕ್ಕದ ಖಾನಾಪುರ ತಾಲೂಕಿನಲ್ಲಿ ಒಂದೇ ಮಳೆ ಎರಡು ಪಾಲಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ, ಮಹದಾಯಿ ಪಶ್ಚಿಮದ ಸಮುದ್ರಕ್ಕೆ. ಕಳಸಾ-ಬಂಡೂರಿ ಕಾಲುವೆಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಹೋರಾಡಿದ್ದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. ಅಲ್ಲಿ ಒಂದೊಂದು ಹನಿಗೆ ಹೋರಾಟ, ಇಲ್ಲಿ ಬಂದ ನೀರಿಗೆ ಗಟಾರದ ಬೆಲೆ.

ಆಟೋ ನಗರಕ್ಕೂ ಈ ಮಾತು ಸಲ್ಲುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಗಾಡಿ ತೊಳೆದ ನೀರು, ಬದಲಿಸಿದ ಆಯಿಲ್ ಮಳೆ ಬಂದಾಗ ಎತ್ತ ಹೋಗುತ್ತದೆ ಎಂದು ನಾವು ಎಷ್ಟು ಜನ ನೋಡಿದ್ದೇವೆ? ಇದು ಯಾರನ್ನೂ ದೂರಲು ಕೇಳುವ ಪ್ರಶ್ನೆಯಲ್ಲ. ಆ ಗ್ಯಾರೇಜುಗಳ ದುಡಿಮೆಯಲ್ಲಿಯೇ ನಮ್ಮಲ್ಲಿ ಬಹಳ ಜನ ಓದಿದ್ದೇವೆ.

ಶಾಲೆಯ ಗುರುವೃಂದಕ್ಕೂ ಗ್ರಾಮಸ್ಥರಿಗೂ ನನ್ನದೊಂದು ವಿನಂತಿ. ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳನ್ನು ಹೀಗೆ ಒಂದು ದಿನ ನಡೆಸಿಕೊಂಡು ಹೋಗಿ. ಟಿಕೆಟ್ಟಿಲ್ಲ, ಬಸ್ಸಿನ ಖರ್ಚೂ ಅಷ್ಟಿಲ್ಲ. ತಮ್ಮ ಓಣಿಯಲ್ಲಿ ಎಷ್ಟು ಬಾವಿಗಳಿವೆ, ಯಾರು ತೋಡಿಸಿದರು, ಈಗ ನೀರಿದೆಯೇ, ಮುಚ್ಚಿದ್ದರೆ ಯಾವಾಗ, ಮಳೆನೀರು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಅಜ್ಜ-ಅಜ್ಜಿಯರನ್ನು ಕೇಳಿ ಒಂದು ವಹಿಯಲ್ಲಿ ಬರೆಯಲಿ. ಅದನ್ನು ನಕ್ಷೆಯಲ್ಲಿ ಗುರುತಿಸಿಕೊಡುವ ಕೆಲಸವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಮಾಡುತ್ತೇವೆ. ಹತ್ತು ವರ್ಷದ ವಹಿಗಳು ಸೇರಿದರೆ ಅದೇ ನಮ್ಮ ಊರಿನ ಚರಿತ್ರೆಯಾಗುತ್ತದೆ, ಮುಂದಿನ ಬರಗಾಲಕ್ಕೂ ಮುಂದಿನ ಮಹಾಪೂರಕ್ಕೂ ಉಪಯೋಗಕ್ಕೆ ಬರುತ್ತದೆ. ಶಾಲೆ ಶತಮಾನೋತ್ಸವ ಆಚರಿಸುವ ಹೊತ್ತಿಗೆ ಆ ವಹಿಗಳು ಗ್ರಂಥಾಲಯದ ಕಪಾಟಿನಲ್ಲಿರಲಿ, ಬಾವಿಗಳಲ್ಲಿ ನೀರಿರಲಿ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್