ಹೆವಿ ಲೈಸೆನ್ಸು, ಎಸ್ಸೆಸ್ಸೆಲ್ಸಿ, ಪಾಸ್‌ಪೋರ್ಟು: ತುರುವನೂರಿನಿಂದ ಹೊರದೇಶದ ಲಾರಿಗೆ

ಚಿತ್ರದುರ್ಗದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದ ತುರುವನೂರು, 1939ರ ಅರಣ್ಯ ಸತ್ಯಾಗ್ರಹದಿಂದಾಗಿ ಚರಿತ್ರೆಯ ಪುಸ್ತಕ ಸೇರಿದ ಊರು. ಈ ಟಿಪ್ಪಣಿಗೆ ಬೇಕಾದದ್ದು ಅದರ ಇನ್ನೊಂದು ಮುಖ. ಈರುಳ್ಳಿ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಬೆಳೆ ಲಾರಿ ಹತ್ತಿದ ಮೇಲೆಯೇ ರೊಕ್ಕ. ಪುಣೆ–ಬೆಂಗಳೂರು ಹೆದ್ದಾರಿಯೂ (ಹಿಂದಿನ 4, ಈಗಿನ 48) ಹೊಸಪೇಟೆ ಕಡೆಯಿಂದ ಇಳಿಯುವ ಹೆದ್ದಾರಿಯೂ (ಹಿಂದಿನ 13, ಈಗಿನ 50) ಚಿತ್ರದುರ್ಗದಲ್ಲಿ ಕೂಡುತ್ತವೆ. ಹೊಲದಲ್ಲಿ ಕೆಲಸ ಸಾಲದ ಹುಡುಗನಿಗೆ ಸ್ಟೀರಿಂಗ್ ಕೈಗೆಟುಕುವ ಕಸುಬು. ಅದೇ ಕಸುಬಿನ ಮೇಲೆ ಅವನು ಸೌದಿಗೋ ಯುರೋಪಿಗೋ ಹೊರಟರೆ, ಅವನಿಗೆ ಬರುವ ವಿದ್ಯೆಯಲ್ಲಿ ಎಷ್ಟು ಭಾಗ ಕಾಗದದ ಮೇಲೆ ಜೊತೆಗೆ ಹೋಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಕಲಿಕೆಯಿಂದಲೇ ಆರಂಭಿಸೋಣ. ಬಯಲುಸೀಮೆಯ ಹುಡುಗ ದೊಡ್ಡ ಗಾಡಿ ಕಲಿಯುವುದು ಬಹುಮಟ್ಟಿಗೆ ಕ್ಲೀನರ್ ಆಗಿ. ರಾಡಿನಿಂದ ಟೈರಿಗೆ ತಟ್ಟಿ, ಸದ್ದಿನಲ್ಲೇ ಗಾಳಿ ಎಷ್ಟಿದೆಯೆಂದು ಹೇಳುತ್ತಾನೆ. ಗಾಡಿ ಹಿಂದಕ್ಕೆ ಬರುವಾಗ ಬಾಡಿಗೆ ಅಂಗೈಯಿಂದ ಬಡಿಯುತ್ತ ‘ಬರ್ಲಿ, ಬರ್ಲಿ’ ಎನ್ನುತ್ತಾನೆ. ಈರುಳ್ಳಿ ಚೀಲ ಬೆವರಿ ಕೊಳೆಯದಂತೆ ಗಾಳಿಯಾಡಲು ಬಿಟ್ಟು ಟಾರ್ಪಾಲಿನ್ ಬಿಗಿಯುವುದನ್ನು ಕಲಿಯುತ್ತಾನೆ. ರಾತ್ರಿ ಖಾಲಿ ರಸ್ತೆಯಲ್ಲಿ ಡ್ರೈವರಣ್ಣ ಒಂದಿಷ್ಟು ದೂರ ಸ್ಟೀರಿಂಗ್ ಬಿಟ್ಟುಕೊಟ್ಟರೆ ಅದೇ ಪಾಠ. ಲೈಸೆನ್ಸು, ಬ್ಯಾಡ್ಜು ಆಮೇಲಿನ ಮಾತು. ಕಾನೂನಿನಂತೆ ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಿರಬೇಕು, ಕಲಿಕಾ ಲೈಸೆನ್ಸಿಗೂ ಮೊದಲು ಲಘು ವಾಹನದ ಲೈಸೆನ್ಸಿಗೆ ಒಂದು ವರ್ಷವಾಗಿರಬೇಕು. ಈ ಶತಮಾನದ ಮೊದಲ ದಶಕದಲ್ಲಿ ಭೀಮಸಮುದ್ರ, ಹೊಸದುರ್ಗದ ಕಡೆಯ ಕಬ್ಬಿಣದ ಅದಿರು ಇಂಥವರಿಗೆ ಭರ್ತಿ ಕೆಲಸ ಕೊಟ್ಟಿತ್ತು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಷೇಧವನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿದಾಗ ಆ ಬಾಡಿಗೆ ಒಮ್ಮೆಗೇ ನಿಂತಿತು. ಗಾಡಿ ಮಾಲೀಕರ ಸಾಲದ ಕತೆ ಪತ್ರಿಕೆಗಳಲ್ಲಿ ಬಂತು. ಕಂತು ಕಟ್ಟಬೇಕಾಗಿಲ್ಲದ, ಆದರೆ ಸಂಬಳವೂ ಇಲ್ಲದ ಚಾಲಕನ ಕತೆ ಅಷ್ಟಾಗಿ ಬರಲಿಲ್ಲ.

ಸಾರಿಗೆ ವಾಹನದ ಚಾಲಕ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಹರಿಯಾಣದ ಮೇವಾತ್ ಸೀಮೆಯ ಚಾಲಕರ ಪರವಾಗಿ ಬಂದ ಬೇಡಿಕೆ ಅದಕ್ಕೆ ನೆಪವಾಯಿತು. ಕೈಗೆ ವಿದ್ಯೆ ಇರುವವನಿಗೆ ಶಾಲೆಯ ಸರ್ಟಿಫಿಕೇಟ್ ಯಾಕೆ ಎಂಬುದು ವಾದ. ನನಗೂ ಅದು ಸರಿಯೆನಿಸುತ್ತದೆ. ಆದರೆ ಪಾಸ್‌ಪೋರ್ಟಿನ ವಿಷಯ ಬಂದಾಗ ಶಾಲೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೇ ತರಗತಿ ಪಾಸಾಗದವನ ಪಾಸ್‌ಪೋರ್ಟಿನ ಮೇಲೆ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂಬ ಮೂರಕ್ಷರ ಅಚ್ಚಾಗುತ್ತದೆ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಮೊದಲು ಅಂಥವನು ವಲಸೆ ಸಂರಕ್ಷಣಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಆದಾಯ ತೆರಿಗೆ ಕಟ್ಟುವವನಿಗೆ, 50 ದಾಟಿದವನಿಗೆ, ಮೂರು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಬಂದವನಿಗೆ ಈ ತಪಾಸಣೆಯಿಲ್ಲ. ಹದಿನೈದು ವರ್ಷ ಲಾರಿ ಓಡಿಸಿದವನಿಗೆ ಮಾತ್ರ ಅಂಥ ವಿನಾಯಿತಿಯಿಲ್ಲ. ನಮ್ಮ ಸಾರಿಗೆ ನಿಗಮದಲ್ಲಿ ಚಾಲಕ-ನಿರ್ವಾಹಕ ಹುದ್ದೆಗೂ ಎಸ್ಸೆಸ್ಸೆಲ್ಸಿ ಬೇಕು. ಬಸ್ಸು ತಪ್ಪಿದವನು ಸೌದಿಯ ಕಡೆ ನೋಡಿದರೆ ಅದೇ ಅಂಕಪಟ್ಟಿ ಅಲ್ಲೂ ಎದುರು ನಿಲ್ಲುತ್ತದೆ.

ಇಸಿಆರ್ ಬರೀ ಕಿರಿಕಿರಿ ಎಂದು ಏಜೆಂಟರು ಹೇಳಿಕೊಡುತ್ತಾರೆ. ಹಾಗಲ್ಲ. ಆ ದಾರಿಯಲ್ಲಿ ಹೋದವನ ಕೆಲಸದ ಕರಾರು ಸರ್ಕಾರದ ಇ-ಮೈಗ್ರೇಟ್ ಜಾಲದಲ್ಲಿ ದಾಖಲಾಗುತ್ತದೆ; ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ 10 ಲಕ್ಷದ ವಿಮೆ ಸಿಗುತ್ತದೆ. ವೀಸಾದಲ್ಲಿ ಬರೆದ ಕಸುಬು ಯಾವುದು ಎಂಬುದನ್ನು ಹೊರಡುವ ಮೊದಲೇ ನೋಡುವ ಅವಕಾಶವೂ ಇದೆ. ಸೌದಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಟ್ರೇಲರ್ ಎಂದು ಹೇಳಿ ಕರೆದೊಯ್ದು, ವೀಸಾದಲ್ಲಿ ‘ಸಾಯಿಕ್ ಖಾಸ್’, ಅಂದರೆ ಮನೆ ಡ್ರೈವರ್, ಎಂದು ಬರೆಸಿದ್ದರೆ ಅವನು ಮನೆಗೆಲಸದವರ ಗುಂಪಿಗೆ ಸೇರುತ್ತಾನೆ. 2021ರ ಮಾರ್ಚಿನಲ್ಲಿ ಅಲ್ಲಿ ಜಾರಿಗೆ ಬಂದ, ಮಾಲೀಕನನ್ನು ಬದಲಿಸಲು ಬಿಡುವ ಸುಧಾರಣೆಯಿಂದ ಮನೆಗೆಲಸದವರನ್ನು ಹೊರಗಿಡಲಾಗಿತ್ತು.

ಲೈಸೆನ್ಸಿನ ವಿಷಯ ಇನ್ನೂ ವಿಚಿತ್ರ. ನಮ್ಮ ಮೋಟಾರು ವಾಹನ ಕಾಯ್ದೆಯ 1994ರ ತಿದ್ದುಪಡಿಯಲ್ಲಿ ಮಧ್ಯಮ ಮತ್ತು ಭಾರಿ, ಸರಕು ಮತ್ತು ಪ್ರಯಾಣಿಕ ಎಂಬ ನಾಲ್ಕು ವರ್ಗಗಳನ್ನು ಸೇರಿಸಿ ‘ಸಾರಿಗೆ ವಾಹನ’ ಎಂಬ ಒಂದೇ ವರ್ಗ ಮಾಡಲಾಯಿತು. ಯುರೋಪಿನಲ್ಲಿ ಲಾರಿಗೆ ‘ಸಿ’, ಟ್ರೇಲರ್ ಸೇರಿದರೆ ‘ಸಿಇ’, ಅದರ ಮೇಲೆ ವೃತ್ತಿ ಅರ್ಹತೆಯ ‘95’ ಎಂಬ ಸಂಕೇತ. ಆ ಅರ್ಹತೆ ಉಳಿಯಲು ಐದು ವರ್ಷಕ್ಕೊಮ್ಮೆ 35 ಗಂಟೆ ತರಬೇತಿ. ನಮ್ಮವನು ಹತ್ತು ಚಕ್ರದ ಲಾರಿಯವನೋ ಉದ್ದ ಟ್ರೇಲರ್ ಪಳಗಿಸಿದವನೋ ಎಂಬುದನ್ನು ಅವನ ಕಾರ್ಡು ಹೇಳುವುದಿಲ್ಲ. ಆರ್‌ಟಿಓದಲ್ಲಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷದ್ದು, ಮುಖ್ಯವಾಗಿ ಭೇಟಿಗೆ ಹೋದವರಿಗೆ ಆಗುವಂಥದ್ದು. ಅದನ್ನು ತೋರಿಸಿ ದುಬೈಯಲ್ಲಿ ಟ್ರಕ್ ಕೆಲಸಕ್ಕೆ ಕೂರಲಾಗದು. ನೇರವಾಗಿ ಬದಲಿಸಿಕೊಡುವ ಯುಎಇಯ ಪಟ್ಟಿಯಲ್ಲಿ ಭಾರತದ ಲೈಸೆನ್ಸು ಇಲ್ಲ. ಅಲ್ಲೇ ಕಲಿತು, ರಸ್ತೆಯ ಬಲಬದಿಯಲ್ಲಿ ಓಡಿಸಿ, ಪರೀಕ್ಷೆ ಪಾಸಾಗಬೇಕು.

ಲೈಸೆನ್ಸು ಹೇಳದ ಅನುಭವವನ್ನು ಮಾಲೀಕರ ಪತ್ರ ಹೇಳಬಹುದಿತ್ತು. ಅಲ್ಲೂ ತೊಡಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದೋ ಎರಡೋ ಲಾರಿ ಇಟ್ಟವರು ಅದರ ಹೊರಗೆ. ಸಂಬಳ ಕೈಗೆ, ಬಾಟಾ ಟ್ರಿಪ್ಪಿಗೆ, ಲೆಕ್ಕ ಮಾಲೀಕರ ಜೇಬಿನ ಡೈರಿಯಲ್ಲಿ. ಹೊರದೇಶದ ಕಂಪನಿ ಕೇಳುವ ಅನುಭವ ಪತ್ರವನ್ನು ಅವರು ಪ್ರೀತಿಯಿಂದಲೇ ಬರೆದುಕೊಡುತ್ತಾರೆ. ಆದರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದಕ್ಕೆ ಸಾಕ್ಷಿಯಿರುವುದಿಲ್ಲ.

ಅದೇ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು, ದೂರದ ದಾರಿಗೆ ಮಾತ್ರ ಕೊಂಚ ಸಡಿಲ. ಯುರೋಪಿನ ಮಿತಿ ಚಾಲನೆಗೆ ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ 10. ಬರಹದಲ್ಲಿ ನಮ್ಮದೇ ಬಿಗಿ. ಅವರಲ್ಲಿರುವುದು ಅಳೆಯುವ ಯಂತ್ರ. ಟ್ಯಾಕೋಗ್ರಾಫ್ ಎಂಬ ಆ ಪೆಟ್ಟಿಗೆ ಚಾಲಕನ ಎದುರಿನಲ್ಲೋ ತಲೆಯ ಮೇಲೋ ಇರುತ್ತದೆ. ಚಾಲಕ ತನ್ನ ಹೆಸರಿನ ಚಿಪ್ ಕಾರ್ಡನ್ನು ಅದರೊಳಗೆ ತೂರಿಸಿ ಹೊರಡುತ್ತಾನೆ. ಗಾಡಿ ಓಡಿದಾಗ ಸ್ಟೀರಿಂಗ್ ಚಕ್ರದ ಗುರುತು ತಾನೇ ಮೂಡುತ್ತದೆ. ಲೋಡಿಂಗ್‌ನಂಥ ಕೆಲಸಕ್ಕೆ ಎರಡು ಸುತ್ತಿಗೆ, ನಿದ್ದೆಗೆ ಮಂಚ, ಕಾಯುವಿಕೆಗೆ ಅಡ್ಡಗೀಟಿನ ಚೌಕ. ಇವನ್ನು ಒತ್ತಿ ಆರಿಸಬೇಕು. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ಈರುಳ್ಳಿ ಇಳಿಸಲು ಯಶವಂತಪುರದ ಸಾಲಿನಲ್ಲಿ ಕಾದ ಹೊತ್ತು ನಮ್ಮ ಡ್ರೈವರನಿಗೆ ಯಾವ ಖಾತೆಗೂ ಸೇರುವುದಿಲ್ಲ. ಇಲ್ಲಿಂದ ಹೋದವನಿಗೆ ರಸ್ತೆಗಿಂತ ಹೊಸದು ಈ ಚೌಕ ಎಂದು ನನ್ನ ಅಂದಾಜು.

ಅನುಭವಕ್ಕೆ, ತರಬೇತಿಗೆ ಕಾಗದದ ಸಾಕ್ಷಿ ಯಾಕೆ ಕೇಳುತ್ತಾರೆ ಎಂಬುದಕ್ಕೆ ಕೆನಡಾದ ಉದಾಹರಣೆ ಚಿಕ್ಕದಾಗಿ. 2018ರ ಏಪ್ರಿಲ್ 6ರಂದು ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಟ್ರಕ್ಕೊಂದು ಹಂಬೋಲ್ಟ್ ಐಸ್ ಹಾಕಿ ತಂಡದ ಬಸ್ಸಿನ ದಾರಿಗೆ ಅಡ್ಡ ಬಂದು 16 ಜನ ಸತ್ತರು. ಟ್ರಕ್ಕಿನಲ್ಲಿದ್ದವನು ಭಾರತದಿಂದ ಹೋದ, ಆ ಕೆಲಸಕ್ಕೆ ತೀರ ಹೊಸಬ. ಮರುವರ್ಷ ಆ ಪ್ರಾಂತ್ಯ 121.5 ಗಂಟೆಗಳ ತರಬೇತಿ ಕಡ್ಡಾಯ ಮಾಡಿತು. ಒಂಟಾರಿಯೋದಲ್ಲಿ 2017ರಿಂದಲೇ 103.5 ಗಂಟೆ ಇತ್ತು. ಇಂಥ ನಿಯಮಗಳ ನಡುವೆ ದಾರಿ ತೋರಿಸಲು ಪಂಜಾಬಿನವರಿಗೆ ಅಲ್ಲಿ ಹೋಗಿ ನೆಲೆಸಿದ ನೆಂಟರಿದ್ದಾರೆ. ಚಿತ್ರದುರ್ಗದ ಕಡೆಯವರಿಗೆ ಅಂಥ ನಂಟಿನ ಸರಪಳಿಯಿಲ್ಲ. ನಡುನಾಡಿನಲ್ಲಿ ಆ ಬಗೆಯ ಸರಪಳಿ ಕಟ್ಟಿದವರು ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನವರು. ಮೂಲಿಕೆ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗುವ ಅವರು 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಸಿಕ್ಕಿಕೊಂಡಾಗಲೇ ನಾಡಿನ ಗಮನಕ್ಕೆ ಬಂದರು.

ಚಿತ್ರದುರ್ಗದ ಚಾಲಕನಿಗೆ ಇಂಥ ನಂಟಿನ ಕೊರತೆ ತುಂಬಲು ಸರ್ಕಾರಿ ದಾರಿಯೊಂದು ತೆರೆದಿದೆ. ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯ ಅಂತಾರಾಷ್ಟ್ರೀಯ ವಲಸೆ ಕೇಂದ್ರ, ಶರಣಪ್ರಕಾಶ ಪಾಟೀಲರು ಕೌಶಲ್ಯಾಭಿವೃದ್ಧಿ ಸಚಿವರಾಗಿದ್ದಾಗ ಸ್ಲೊವಾಕಿಯಾಕ್ಕೆ ಟ್ರಕ್ ಚಾಲಕರನ್ನು ಕಳುಹಿಸಿತು. ಸ್ಲೊವಾಕಿಯಾ ಆ 18 ದೇಶಗಳಲ್ಲಿ ಸೇರಿಲ್ಲ. ಹಾಗಾಗಿ ಅಲ್ಲಿಗೆ ಹೋಗುವವನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಇದ್ದರೂ ಸಂರಕ್ಷಣಾಧಿಕಾರಿಯ ಒಪ್ಪಿಗೆ ಬೇಕಿಲ್ಲ. ಕರಾರನ್ನು ಇ-ಮೈಗ್ರೇಟ್‌ನಲ್ಲಿ ದಾಖಲಿಸುವುದೂ ಕಡ್ಡಾಯವಲ್ಲ. ನಡುವೆ ನಿಗಮ ನಿಂತಿದ್ದರೆ ಆ ಕೊರತೆ ಕಾಡದು, ಖಾಸಗಿಯವನು ನಿಂತಿದ್ದರೆ ಕಾಡುತ್ತದೆ. ಕೆಲಸಕ್ಕೆ ಜನ ಕಳುಹಿಸುವವನು ಯಾವ ದೇಶಕ್ಕೆ ಕಳುಹಿಸಿದರೂ 1983ರ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯಬಾರದು, ರಸೀದಿ ಕೊಡಬೇಕು. ಇದರಿಂದ ನುಣುಚಿಕೊಳ್ಳಲು ಹಲವರು ತಮ್ಮನ್ನು ವೀಸಾ ಸಲಹೆಗಾರರೆಂದು ಕರೆದುಕೊಂಡು ಲಕ್ಷಗಳಲ್ಲಿ ಕೇಳುತ್ತಾರೆ. ನೋಂದಾಯಿತರ ಪಟ್ಟಿ ಇ-ಮೈಗ್ರೇಟ್‌ನಲ್ಲಿ ಎಲ್ಲರಿಗೂ ಸಿಗುತ್ತದೆ. ಹೊಲ ಅಡವಿಡುವ ಮೊದಲು ಅದರಲ್ಲಿ ಆ ಹೆಸರು ಇದೆಯೇ ಎಂದು ನೋಡಲು ಮೊಬೈಲೊಂದು ಸಾಕು.